ಎಡ ಹಿಮ್ಮಡಿಯ ತುಂಡು

ಹನ್ನೆರಡನೇ ಕಿಲೋಮೀಟರಿನ ಫಲಕ ದಾಟಿದ್ದೇ ತಡ, ರಸ್ತೆ ಬಲಕ್ಕೆ ವಾಲತೊಡಗಿತು. ರಸ್ತೆ ಎಲ್ಲಾದರೂ ವಾಲುತ್ತದೆಯೇ? ಅವನು ಬೆವರು ಒರೆಸಿಕೊಂಡು ನೋಡಿದ. ಮುಂದಿದ್ದವರೆಲ್ಲ ನೆಟ್ಟಗೆ ಓಡುತ್ತಿದ್ದರು. ವಾಲಿದ್ದು ಅವನೊಬ್ಬನೇ.

ನೋವೂ ವಿಳಾಸ ತಪ್ಪಿ ಬಂದ ಹಾಗಿತ್ತು. ಎರಡು ತಿಂಗಳ ಹಿಂದೆ ಚಿಕ್ಕಪ್ಪನ ಶೂ ರಿಪೇರಿ ಅಂಗಡಿಯಲ್ಲಿ ಏಣಿಯಿಂದ ಜಾರಿ ಪೆಟ್ಟು ಮಾಡಿಕೊಂಡದ್ದು ಎಡ ಹಿಮ್ಮಡಿಯ ನರಕ್ಕೆ. ಈಗ ಉರಿಯುತ್ತಿದ್ದದ್ದು ಬಲ ಮೊಣಕಾಲು. "ಎಡಗಾಲು ಚುಚ್ಚಿದ್ರೆ ಅಲ್ಲೇ ನಿಂತ್ಬಿಡು" ಎಂದಿದ್ದರು ಫಿಸಿಯೋ ಮೇಡಂ. ಬಲಗಾಲಿನ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಹಾಗಾದರೆ ಈಗ ನಿಲ್ಲಬೇಕೋ, ಓಡಬೇಕೋ?

ತಯಾರಿಯೂ ಅಷ್ಟಕ್ಕಷ್ಟೇ. ಸಿಕ್ಕಿದ್ದು ಐದೇ ವಾರ, ಒಮ್ಮೆಗೆ ಓಡಿದ್ದು ಹೆಚ್ಚೆಂದರೆ ಹನ್ನೆರಡು ಕಿಲೋಮೀಟರು. ಇವತ್ತಿನ ಓಟ ಇಪ್ಪತ್ತೊಂದರದು. ಆದರೂ ಬಂದಿದ್ದ. ಚಿಕ್ಕಪ್ಪ ಗಿರಾಕಿಗಳ ಮುಂದೆಯೇ ಅವನ ಮಾನ ಕಳೆದಿದ್ದ. "ಶಾಲೆ ಬಿಟ್ಟೆ, ಈಜು ಬಿಟ್ಟೆ, ಡ್ರೈವಿಂಗ್ ಬಿಟ್ಟೆ. ಹಿಡಿದದ್ದು ಒಂದಾದ್ರೂ ಮುಗಿಸಿದ್ದುಂಟೇನೋ? ಇದನ್ನ ಮುಗಿಸ್ಕೊಂಡು ಬಾ, ಹೊಲಿಗೆ ಯಂತ್ರದ ಮುಂದೆ ಕೂರಿಸ್ತೀನಿ."

ಆರು ವರ್ಷದಿಂದ ಅವನ ಪಾಲಿಗೆ ಬಂದದ್ದು ಅಂಟು, ಬ್ರಷ್ಷು, ಪಾಲಿಶು. ಯಂತ್ರದ ಸ್ಟೂಲಿನ ಮೇಲೆ ಚಿಕ್ಕಪ್ಪನ ಹೊರತು ಒಂದು ನೊಣವೂ ಕೂತಿರಲಿಲ್ಲ.

ಹದಿನಾಲ್ಕನೇ ಕಿಲೋಮೀಟರಿನ ನೀರಿನ ಮೇಜಿನ ಪಕ್ಕ ಅವನು ಕುಸಿದು ಕುಳಿತ.

"ಗಾಡಿ ಕರೀಲಾ ಅಣ್ಣಾ?" ಎಂದಳು ನೀರು ಕೊಡುತ್ತಿದ್ದ ಹುಡುಗಿ.

"ನಾನೇನು ಹೆಣಾನಾ?"

"ನೋಡಿದ್ರೆ ಅರ್ಧ ದಾರಿ ಹೋಗಿರೋ ಹಾಗಿದೆ, ಅದಕ್ಕೇ ಕೇಳ್ದೆ."

ಬಲಕ್ಕೆ ವಾಲುತ್ತಿದ್ದರೆ ಎಡವೇ ಎತ್ತರವಿರಬೇಕು ಅನ್ನಿಸಿ ಅವನು ಎಡಗಾಲಿನ ಶೂ ಕಿತ್ತು ಒಳಕ್ಕೆ ಕೈ ಹಾಕಿದ. ಬೆರಳಿಗೆ ಹಿಮ್ಮಡಿಯ ಜಾಗದಲ್ಲಿ ದಿಬ್ಬ ತಗುಲಿತು. ಅದು ಅಲ್ಲಿರಬಾರದಿತ್ತು.

ನರಕ್ಕೆ ಎಳೆತ ಬೀಳದಿರಲೆಂದು ಅಲ್ಲೊಂದು ಚರ್ಮದ ತುಂಡು ಅಂಟಿಸಿಕೊಟ್ಟವನು ಚಿಕ್ಕಪ್ಪನೇ, ನಿಜ. ಆದರೆ ಕಾಲು ವಾಸಿಯಾಗಿದೆ, ಇನ್ನು ಅದು ಬೇಡ ಎಂದು, ಕೊನೆಯ ಸಲ ಒಬ್ಬನೇ ಹೋದಾಗ ಮೇಡಂ ಹೇಳಿದ ಮೇಲೆ, ಗುರುವಾರ ತಾನೇ ಕೈಯಾರೆ ಕಿತ್ತು ಚೂರುಗಳ ಡಬ್ಬಿಗೆ ಎಸೆದಿದ್ದ. ಎಸೆದದ್ದು ಕಾಲು ಹುಡುಕಿಕೊಂಡು ಬಂತೇ?

ಒಳಗಿನ ಅಟ್ಟೆ ಎತ್ತಿ ನೋಡಿದ. ಇದು ಹಳೆಯದಲ್ಲ. ಅದರ ಎರಡರಷ್ಟು ದಪ್ಪದ ಹೊಸ ತುಂಡು. ತುಂಡಿನ ಮೇಲೆಯೇ ಓಡಿ ರೂಢಿಯಾದ ಕಾಲಿಗೆ ಬೆಳಗ್ಗೆ ಅದು ಗೊತ್ತೇ ಆಗಿರಲಿಲ್ಲ. ಅಂಟಿನ ಜೊತೆಗೆ ಸುತ್ತಲೂ ಹೊಲಿಗೆ ಬೇರೆ; ಸಾಸಿವೆ ಸಾಲಿಟ್ಟ ಹಾಗೆ ಸಣ್ಣ, ಸಮನಾದ ಹೊಲಿಗೆ. ಆ ಕೈ ಯಾರದೆಂದು ಕತ್ತಲಲ್ಲಿ ಮುಟ್ಟಿಯೂ ಹೇಳಬಲ್ಲ.

ಯಾಕೆ ಮಾಡಿದ? ತಾನು ಸೋಲಲೆಂದೇ? ಸ್ಟೂಲು ಬಿಟ್ಟುಕೊಡಬೇಕಾಗುತ್ತದೆಂದೇ? ಅಂಥ ಮನುಷ್ಯ ಮಧ್ಯಾಹ್ನ ಅಂಗಡಿ ಮುಚ್ಚಿ ತನ್ನನ್ನು ಫಿಸಿಯೋ ಹತ್ತಿರ ಯಾಕೆ ಕರೆದೊಯ್ಯುತ್ತಿದ್ದ? ಸಿಟ್ಟು ನೆತ್ತಿಗೇರಿತು, ಆದರೆ ಯಾರ ಮೇಲೆ ಇಳಿಸಬೇಕೆಂದು ತಿಳಿಯಲಿಲ್ಲ. ತುಂಡನ್ನು ಉಗುರಿನಿಂದ ಕೆರೆದ, ಹಲ್ಲಿನಿಂದ ಕಚ್ಚಿದ. ಚಿಕ್ಕಪ್ಪನ ಹೊಲಿಗೆ, ಚಾಕು ಇಲ್ಲದೆ ಜಪ್ಪಯ್ಯ ಅಂದರೂ ಬಿಡುವಂಥದ್ದಲ್ಲ.

"ಅಣ್ಣಾ, ಶೂ ತಿಂತಿದ್ದೀರಾ? ಬಾಳೆಹಣ್ಣು ಇದೆ," ಎಂದಳು ಹುಡುಗಿ.

ಅವನ ಕಣ್ಣು ಅವಳ ಕಾಲ ಬಳಿ ಬಿದ್ದಿದ್ದ ಕಾಗದದ ಲೋಟಗಳ ಮೇಲೆ ಬಿತ್ತು. ಎಡವನ್ನು ತಗ್ಗಿಸಲು ಆಗದಿದ್ದರೆ ಬಲವನ್ನು ಎತ್ತರಿಸಬಹುದಲ್ಲ. ಆರು ಲೋಟ ಚಪ್ಪಟೆ ಮಾಡಿ, ಮಡಚಿ, ಎಡಗಡೆಯ ದಿಬ್ಬಕ್ಕೆ ಹೆಬ್ಬೆರಳಿನಿಂದ ಅಳತೆ ಹಿಡಿದು ಬಲಗಾಲಿನ ಶೂವಿನ ಅಟ್ಟೆಯಡಿ ತುರುಕಿದ. ಎದ್ದು ನಿಂತ. ರಸ್ತೆ ಸಮವಾಗಿತ್ತು. ಮೊಣಕಾಲು ಮಾತ್ರ ಸಮವಾಗಿರಲಿಲ್ಲ.

ಉಳಿದ ಏಳು ಕಿಲೋಮೀಟರನ್ನು ಓಡಿದನೋ, ಕುಂಟಿದನೋ, ನಡುನಡುವೆ ಚಿಕ್ಕಪ್ಪನನ್ನು ಬೈದನೋ, ಅವನಿಗೇ ಸರಿಯಾಗಿ ನೆನಪಿಲ್ಲ. ಗುರಿಯ ಗೆರೆ ದಾಟುವಾಗ ಓಟದ ಹೊತ್ತು ತೋರಿಸುವ ಗಡಿಯಾರವನ್ನು ಆಗಲೇ ಆರಿಸಿಬಿಟ್ಟಿದ್ದರು. ಇಬ್ಬರು ಬ್ಯಾನರ್ ಸುತ್ತುತ್ತಿದ್ದರು. ಇದು ಮುಗಿಸಿದ ಲೆಕ್ಕವೋ, ಅಲ್ಲವೋ? ಕೇಳೋಣವೆಂದರೆ ಎದುರಿಗೆ ಚಿಕ್ಕಪ್ಪ ನಿಂತಿದ್ದ.

"ತುಂಡು ಕಿತ್ತು ಬರ್ಲಿಲ್ಲ ತಾನೇ?" ಅದೇ ಅವನ ಮೊದಲ ಮಾತು. "ಶುಕ್ರವಾರ ಬೆಳಗ್ಗೆ ನೋಡಿದ್ರೆ, ಅಂಟಿನ ಗುರುತಿದೆ, ತುಂಡಿಲ್ಲ. ಮೂವತ್ತು ವರ್ಷದಲ್ಲಿ ನಾನು ಅಂಟಿಸಿದ್ದು ಬಿಟ್ಟಿಲ್ಲ ಕಣೋ. ನಾಚಿಕೆ ಆಯ್ತು. ನಿನಗೆ ಹೇಳ್ದೆ ದಪ್ಪದ್ದು ಹಾಕಿ ಹೊಲಿದ್ಬಿಟ್ಟೆ."

"ಅದು ಬಿಟ್ಟಿರ್ಲಿಲ್ಲ ಚಿಕ್ಕಪ್ಪ! ನಾನೇ ಕಿತ್ತಿದ್ದು! ಇನ್ನು ಬೇಡ ಅಂದಿದ್ರು!"

ಚಿಕ್ಕಪ್ಪ ಹಣೆ ಚಚ್ಚಿಕೊಂಡ. "ಹೇಳೋದಲ್ವೇನೋ?"

"ನೀನು ಹೇಳಿದ್ಯಾ?"

ಚಿಕ್ಕಪ್ಪ ಮಂಡಿಯೂರಿ ಅವನ ಶೂಗಳನ್ನು ಬಿಚ್ಚಿದ. ಬಲಗಾಲಿನದರೊಳಗೆ ಒದ್ದೆ ಕಾಗದದ ಮಡಿಕೆ ಕೈಗೆ ಬಂತು. ಅದನ್ನು ಎಡಗಡೆಯ ತುಂಡಿನ ಪಕ್ಕ ಹಿಡಿದ, ಒಂದು ಕಣ್ಣು ಮುಚ್ಚಿ ನೋಡಿದ, ಹೆಬ್ಬೆರಳು ಆಡಿಸಿದ.

"ಇದ್ಯಾರು ಅಳತೆ ಹಿಡಿದಿದ್ದು?"

"ನಾನೇ. ಇನ್ಯಾರು?"

ಚಿಕ್ಕಪ್ಪ ಆ ಮಡಿಕೆಯನ್ನು ಎಸೆಯಲಿಲ್ಲ, ಅಂಗಿಯ ಜೇಬಿಗಿಟ್ಟುಕೊಂಡ. "ನಾಳೆ ಬೇಗ ಬಾ. ಯಂತ್ರಕ್ಕೆ ಎಣ್ಣೆ ಬಿಡೋದು ತೋರಿಸ್ತೀನಿ."

ಇದು ಓಟಕ್ಕೋ, ಲೋಟಗಳಿಗೋ, ತಪ್ಪಿಗೆ ದಂಡವೋ, ಅವನಿಗೆ ತಿಳಿಯಲಿಲ್ಲ. ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಚಿಕ್ಕಪ್ಪ ಎರಡೂ ಶೂ ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟಿದ್ದ. ಬರೀ ಸಾಕ್ಸಿನಲ್ಲಿ, ಎರಡೂ ಕಾಲು ಕುಂಟುತ್ತಾ, ಅವನು ಹಿಂದೆ ನಡೆದ.