ಹಿಮ್ಮಡದ ಕೆಳಗಿನ ನೆಲ

ಚಪ್ಪಲಿಯನ್ನು ಬಾಗಿಲ ಹೊರಗೇ ಕಳಚಿಟ್ಟು ಭರಮವ್ವ ಟೈಲ್ಸ್ ಅಂಗಡಿಯೊಳಗೆ ಕಾಲಿಟ್ಟಾಗ, ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ಅಂಗಡಿಯವನು ದಾದಾಪೀರ ಗಡಬಡಿಸಿ ಎದ್ದು ನಿಂತ.

“ಚಪ್ಲಿ ಹಾಕ್ಕೊಂಡ ಬರ್ರಿ ಅವ್ವಾರ. ಇದೇನ ಗುಡಿ ಅಲ್ಲ.”

“ಚಪ್ಲಿ ಹಾಕ್ಕೊಂಡ ಯಾರರ ಜಳಕಾ ಮಾಡತಾರೇನೋ ತಮ್ಮಾ? ನಾ ಬಂದಿದ್ದು ಬಚ್ಚಲಕ್ಕ ನೆಲಾ ನೋಡಾಕ.”

ಹಿಂದೆ ಬರುತ್ತಿದ್ದ ಸೊಸೆ ರೋಹಿಣಿ, ತಾನೂ ಬಿಡಬೇಕೋ ಬೇಡವೋ ತಿಳಿಯದೆ, ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದರಲ್ಲಿ ನಿಂತಳು.

ಮೋಟೆಬೆನ್ನೂರಿನ ಅವರ ಓಣಿಯಲ್ಲಿ ಹುಟ್ಟಿದ ಕೂಸುಗಳಲ್ಲಿ ಭರಮವ್ವನ ಕಾಲಮೇಲೆ ಮಲಗಿ ನೀರು ಹಾಕಿಸಿಕೊಳ್ಳದವು ಕಡಿಮೆ. ಬಚ್ಚಲ ನೆಲದ ಮೇಲೆ ಕಾಲು ಚಾಚಿ ಕೂತು, ಜೋಡಿಸಿದ ಕಾಲುಗಳ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಔಡಲೆಣ್ಣೆ ತಿಕ್ಕಿ ಹಂಡೆಯ ನೀರು ಹೊಯ್ದಳೆಂದರೆ ಎಂಥ ಹಟಮಾರಿ ಕೂಸೂ ಹೊತ್ತು ಇಳಿಯುವ ತನಕ ಕಣ್ಣು ತೆರೆಯುತ್ತಿರಲಿಲ್ಲ. ಮಗ ಕನಕಪ್ಪನಿಗೆ ಹಾಗೆ ಹಾಕಿದ್ದಳು, ಅವನ ಮಗಳು ಕಾವ್ಯಾಳಿಗೂ ಹಾಕಿದ್ದಳು. ಈಗ ಕಾವ್ಯಾ ಬಸುರಿ. ಹಾವೇರಿಯ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರಬೇಕು. ಆ ಕೂಸಿಗೂ ತನ್ನ ಕೈಯಿಂದಲೇ ಒಮ್ಮೆ ನೀರು ಹಾಕಿ ಕಣ್ಣು ಮುಚ್ಚಬೇಕೆಂಬುದು ಭರಮವ್ವ ದೇವರಗುಡ್ಡದ ಮಾಲತೇಶನಲ್ಲಿ ಬೇಡಿಕೊಂಡಿದ್ದ ಕಡೆಯ ಬೇಡಿಕೆ.

ಅಷ್ಟರಲ್ಲಿ ಒಂದು ಮುಂಜಾನೆ ಅವಳು ಬಚ್ಚಲದಲ್ಲಿ ಬಿದ್ದಳು. ಎಲುಬು ಮುರಿಯಲಿಲ್ಲ, ದೇವರು ಕಾಯ್ದ. ಆದರೆ ಸುದ್ದಿ ಹಾವೇರಿ ಮುಟ್ಟಿತು. ಕಾವ್ಯಾಳ ಅತ್ತೆ ಪ್ರೇಮವ್ವ ಫೋನಿನಲ್ಲಿ ಮೆತ್ತಗೇ ಹೇಳಿದಳು: “ತಪ್ಪ ತಿಳ್ಕೋಬ್ಯಾಡ್ರಿ. ಆ ಜಾರೂ ಬಚ್ಚಲದಾಗ ಕೂಸಿಗೆ ನೀರ ಹಾಕೂದಂದ್ರ ನನಗ ಜೀವ ತಡಿಯಂಗಿಲ್ಲ. ಬಾಣಂತನ ಇಲ್ಲೇ ಮಾಡೂಣು.”

ಬಚ್ಚಲಿಗೆ ಹಾಸಿದ್ದ ಕಡಪಾ ಕಲ್ಲೇ ತನ್ನನ್ನು ಕೆಡವಿದ್ದೆಂದು ಭರಮವ್ವ ಎಲ್ಲರ ಮುಂದೆ ಹೇಳಿದ್ದಳು. ಕನಕಪ್ಪ ಆ ಕಲ್ಲನ್ನು ಕೀಳಿಸಿಯೇ ಬಿಟ್ಟ. ಇವತ್ತು ಅವನು ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿ ಪೇಟೆಗೆ ಹೋಗಿದ್ದರಿಂದ ಅತ್ತೆ ಸೊಸೆ ಇಬ್ಬರೇ ರಾಣೇಬೆನ್ನೂರಿನ ಬಸ್ಸು ಹತ್ತಿದ್ದರು. ಜಾರದ ನೆಲ ಆರಿಸಬೇಕು, ಬೀಗತಿಯ ಕಡೆಯಿಂದ ಹೂಂ ಅನ್ನಿಸಿಕೊಳ್ಳಬೇಕು.

ಅಂಗಡಿಯ ತುಂಬ ಟೈಲ್ಸು ಗೋಡೆಗೊರಗಿ ನಿಂತಿದ್ದವು. ಭರಮವ್ವ ಜಾತ್ರೆಗೆ ಬಂದ ಹುಡುಗಿಯಂತೆ ಒಂದೊಂದರ ಮುಂದೆಯೂ ನಿಂತಳು. ಒಂದನ್ನು ಉಗುರಿನಿಂದ ಕೆರೆದು ನೋಡಿ, “ಇದು ಸಾಗವಾನಿ ಕಟ್ಟಿಗಿ ಅಲ್ಲೇನೋ?” ಅಂದಳು. ಅಲ್ಲವೆಂದು ದಾದಾಪೀರ ಹೇಳಿದರೂ ನಂಬದೆ ಮೂಸಿ ನೋಡಿದಳು.

ರೋಹಿಣಿಯ ಕಣ್ಣು ಹೊಳಪಿನ ಬಿಳಿಯ ಮೇಲೆ ಬಿದ್ದಿತ್ತು. “ಇದು ಭಾಳ ಚಂದ ಐತ್ರಿ ಅತ್ತಿ. ಮುಗಲ ಕಂಡಂಗ ಐತಿ.”

“ಇದರಾಗ ನನ್ನ ಮಾರಿನೂ ಕಾಣತೈತಿ. ನನ್ನ ಮಾರಿ ನಾನ ತುಳಕೊಂತ ಜಳಕಾ ಮಾಡ್ಲೇನು?”

ದಾದಾಪೀರ ನಕ್ಕು, ಬಚ್ಚಲಕ್ಕೆ ತಕ್ಕವೆಂದು ಮೂರನ್ನು ತಂದು ನೆಲದ ಮೇಲೆ ಇಟ್ಟ. ಭರಮವ್ವ ತನ್ನ ಕೈಚೀಲದಿಂದ ಒಂದು ಚೊಂಬು, ಸುರುಳಿ ಸುತ್ತಿದ ಹಳೆಯ ಧೋತರ, ಪುಟ್ಟ ಬಾಟಲಿಯಲ್ಲಿ ಔಡಲೆಣ್ಣೆ ತೆಗೆದಳು.

“ಏನ್ರಿ ಅವ್ವಾರ, ಇಲ್ಲೇ ಒಗ್ಗರಣಿ ಹಾಕೋರೇನು?”

“ಕೂಸಿನ ಮೈಯಾಗಿನ ಎಣ್ಣಿ ಎಲ್ಲಿ ಹೋಗತೈತಿ? ನೆಲಕ್ಕ ಬೀಳತೈತಿ. ಬರೇ ನೀರ ಹಾಕಿ ನೋಡಿದ್ರ ಏನ ಗೊತ್ತಾಕ್ಕೈತಿ? ನೀರ ತುಂಬಿ ಕೊಡು.”

ಎಣ್ಣೆಯ ಮೇಲೆ ನೀರು ಬಿತ್ತು. ಮೊದಲನೆಯದರ ಮೇಲೆ ಹೆಜ್ಜೆ ಊರುತ್ತಲೇ ಅವಳ ಪಾದ ಸರ್ರನೆ ಹೋಯಿತು. ರೋಹಿಣಿ ರಟ್ಟೆ ಹಿಡಿಯದಿದ್ದರೆ ಕಷ್ಟವಿತ್ತು. ಎರಡನೆಯದು ಹಿಮ್ಮಡ ಹಿಡಿಯಿತು, ಬೆರಳು ಬಿಟ್ಟಿತು. ಮೂರನೆಯದು ಇದ್ದಿಲು ಬಣ್ಣದ್ದು, ಬೀಸುವ ಕಲ್ಲಿನಷ್ಟು ಒರಟು. ಪಾದ ಇಟ್ಟಲ್ಲೇ ಕಚ್ಚಿ ನಿಂತಿತು.

“ಇದು ಖರೇ ಮನಿಷ್ಯಾರ ಕಾಲ ಹಿಡಿಯೂ ನೆಲಾ,” ಎಂದು ಭರಮವ್ವ ಖುಷಿಯಿಂದ ತಿರುಗಿದಳು. “ಹಂಡೆ ಎಳದ್ರ ಗೀರ ಬೀಳತೈತೇನು?”

“ನಿಮ್ಮ ಮರಿಮಗನ ಮಕ್ಕಳ ಕಾಲಕ್ಕೂ ಬೀಳಂಗಿಲ್ರಿ.”

“ನಿಂತ ನೋಡಿದ್ದಾತು. ಇನ್ನ ಕುಂತ ನೋಡಬೇಕು.”

ಅಂಗಡಿಯ ಮೂಲೆಯಲ್ಲಿ ಅದೇ ಇದ್ದಿಲು ಬಣ್ಣದ ಟೈಲ್ಸನ್ನು ಹಾಸಿ ತೋರಿಸಿದ್ದ ಜಾಗವಿತ್ತು. ಭರಮವ್ವ ಗೋಡೆ ಹಿಡಿದು ಅಲ್ಲಿ ಕೂತು, ಸೀರೆಯನ್ನು ಮೊಣಕಾಲಿಗೆ ಸರಿಸಿ ಕಾಲು ಚಾಚಿದಳು. ಧೋತರದ ಸುರುಳಿಯನ್ನು ಕಾಲಮೇಲೆ ಹಾಕಿಕೊಂಡಳು. ಕೈಗಳಿಗೆ ಯಾರೂ ಹೇಳಬೇಕಾಗಲಿಲ್ಲ. ಬೆನ್ನು ನೀವಿದವು, ಪುಟ್ಟ ತೋಳುಗಳನ್ನು ಎಳೆದವು, ಮೂಗಿಗೆ ನೀರು ಹೋಗದಂತೆ ಅಂಗೈಯನ್ನು ಮರೆಮಾಡಿ ಬರಿಯ ಗಾಳಿಯನ್ನೇ ಹೊಯ್ದವು. “ಏಳುಕೋಟಿ, ಏಳುಕೋಟಿ” ಎಂದು ಬಾಯಿ ತನ್ನಷ್ಟಕ್ಕೆ ಮಾಲತೇಶನನ್ನು ನೆನೆಯಿತು. ದಾದಾಪೀರ ಇನ್ನೊಬ್ಬ ಗಿರಾಕಿಯನ್ನು ಬಿಟ್ಟು ನೋಡುತ್ತ ನಿಂತ.

“ಸಾಕಿನ್ನ. ಇದನ್ನ ಕೊಡು,” ಎಂದು ಭರಮವ್ವ ಅಂಗೈ ಊರಿ ಏಳಹೋದಳು.

ಏಳಲಾಗಲಿಲ್ಲ. ಮತ್ತೊಮ್ಮೆ ಉಸಿರು ಬಿಗಿಹಿಡಿದು ಊರಿದಳು. ಮೊಣಕಾಲುಗಳು ಗಡಗಡ ನಡುಗಿ ಹಿಂದಕ್ಕೇ ಕುಸಿದವು. ಕೆಳಗಿನ ನೆಲ ಒಣಗಿತ್ತು. ಅಂಗೈಯನ್ನೂ ಹಿಮ್ಮಡವನ್ನೂ ಗಟ್ಟಿಯಾಗಿ ಹಿಡಿದುಕೊಂಡೇ ಇತ್ತು.

ಆ ಮುಂಜಾನೆಯ ಬಚ್ಚಲ ಅವಳ ಕಣ್ಣೆದುರು ಬಂತು. ಹಂಡೆಯ ಒಲೆಗೆ ಕಿಚ್ಚು ಹಚ್ಚಿ ಏಳುತ್ತಿದ್ದಳು. ನೀರನ್ನು ಇನ್ನೂ ಮುಟ್ಟಿರಲಿಲ್ಲ. ಕಡಪಾ ಕಲ್ಲೂ ಆಗ ಹೀಗೇ ಒಣಗಿತ್ತು.

ರೋಹಿಣಿ, ದಾದಾಪೀರ ಇಬ್ಬರೂ ಸೇರಿ ಎತ್ತಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂಡಿಸಿದರು. “ಕಾಲ ಜೋಮ ಹಿಡದಾವು,” ಅಂದಳು ಭರಮವ್ವ. ಚಹಾ ಬಂತು. ಬಶಿಗೆ ಸುರಿದುಕೊಂಡು ಕುಡಿಯುವಾಗಲೂ ಅವಳ ಕಣ್ಣು ಮೂಲೆಯಲ್ಲಿ ಬಿದ್ದಿದ್ದ ಧೋತರದ ಸುರುಳಿಯ ಮೇಲೇ ಇತ್ತು. ಬಶಿಯನ್ನು ಕೆಳಗಿಟ್ಟು ಸೊಸೆಯ ಕಡೆ ತಿರುಗಿದಳು.

“ರೋಹಿಣಿ, ನೀ ಕುಂದರ ಅಲ್ಲೆ.”

“ನಾ ಯಾಕ್ರಿ? ನೀವು ಕುಂತ ನೋಡಿದ್ರೆಲ್ಲ.”

“ಕುಂದರ ಅಂದೆ.”

“ಮಂದಿ ನೋಡಾಕತ್ತಾರ್ರಿ ಅತ್ತಿ... ಮತ್ತ ನನಗ ಬರಂಗಿಲ್ಲ ಅದು. ಅಂಜಿಕಿ. ಕೂಸು ಕೈಯಾಗಿಂದ ಜಾರಿದ್ರ?”

“ಧೋತರ ಜಾರಿದ್ರ ಅಳಂಗಿಲ್ಲ. ಕುಂದರ.”

ಹಿಂದೆ, ಎಳೆಗೂಸು ಕಾವ್ಯಾಳನ್ನು ಎತ್ತಿಕೊಂಡು ತವರಿನಿಂದ ಬಂದ ದಿನವೇ ಅತ್ತೆ ಕೂಸನ್ನು ರೋಹಿಣಿಯ ಕೈಯಿಂದ ಇಸಿದುಕೊಂಡು ಬಚ್ಚಲಕ್ಕೆ ಹೋಗಿದ್ದಳು. ಅಂದಿನಿಂದ ರೋಹಿಣಿ ಟವೆಲ್ ಹಿಡಿದು ಬಾಗಿಲಲ್ಲಿ ನಿಂತವಳು. ಈಗ ನಾಚುತ್ತ ಕೂತು, ಕಾಲು ಚಾಚಿ, ಸುರುಳಿಯನ್ನು ಎತ್ತಿಕೊಂಡಳು.

“ಅಗಲಸಬ್ಯಾಡ, ಕಾಲ ಜೋಡಸು. ಹಾಂ. ಎಡಗೈ ಕುತ್ತಿಗಿ ಬುಡಕ. ಏನ ಆದರೂ ಆ ಕೈ ತಗೀಬಾರದು, ತಿಳೀತಿಲ್ಲೋ?”

“ಹೂಂರಿ. ಆದ್ರ ಅತ್ತಿ... ಹಿಮ್ಮಡಕ್ಕ ಒತ್ತಾಕತ್ತೈತ್ರಿ. ಚುಚ್ಚತೈತಿ.”

ಭರಮವ್ವ ಬಗ್ಗಿ ಸೊಸೆಯ ಹಿಮ್ಮಡ ನೋಡಿದಳು. ಆಗಲೇ ಕೆಂಪಾಗಿತ್ತು. ಆಮೇಲೆ ತನ್ನ ಪಾದವನ್ನು ತಿರುಗಿಸಿ ನೋಡಿಕೊಂಡಳು. ಬಿರಿದು ಬಿರಿದು ಕಪ್ಪಾದ ಎರೆಹೊಲದಂಥ ಹಿಮ್ಮಡ.

“ನನಗೇನೂ ಹತ್ತಲೇ ಇಲ್ಲ ನೋಡು,” ಎಂದಳು ಅಚ್ಚರಿಯಿಂದ. “ತಮ್ಮಾ, ಇದು ಬ್ಯಾಡ. ಜಾರಲೂಬಾರದು, ಚುಚ್ಚಲೂಬಾರದು. ಅಂಥಾದ್ದೈತೇನು?”

“ನಿಮಗಲ್ಲೇನ್ರಿ ಅವ್ವಾರ, ಬಚ್ಚಲ?”

“ಕುಂದರಾಕಿ ಆಕಿ.”

ದಾದಾಪೀರ ಒಳಗಿನಿಂದ ಪುಟ್ಟ ಪುಟ್ಟ ಚೌಕಗಳ ಟೈಲ್ಸನ್ನು ತಂದು ಹಾಸಿದ. ಹೊಳೆಯ ದಂಡೆಯ ಒಣ ಮರಳಿನ ಬಣ್ಣ, ಮುಟ್ಟಿದರೂ ಸಣ್ಣ ಮರಳಿನಂತೆಯೇ. ಸಂದುಗಳು ಹೆಚ್ಚಿರುವುದರಿಂದ ಕಾಲು ನಿಲ್ಲುತ್ತದೆಂದು ಹೇಳಿದ. ಈ ಸಲ ಎಣ್ಣೆ ನೀರಿನಲ್ಲಿ ಹೆಜ್ಜೆ ಇಟ್ಟವಳು ರೋಹಿಣಿ. ಜಾರಲಿಲ್ಲ. ಒರೆಸಿ ಕೂತಳು. ಚುಚ್ಚಲೂ ಇಲ್ಲ.

“ಚಂದನೂ ಐತ್ರಿ,” ಎಂದಳು ಮೆಲ್ಲಗೆ.

ಅದೇ ಹೊತ್ತಿಗೆ ಕಾವ್ಯಾಳ ಫೋನು ಬಂತು. ರೋಹಿಣಿಯ ಕೈಯಲ್ಲಿ ಸುರುಳಿಯಿತ್ತು, ಭರಮವ್ವನೇ ಎತ್ತಿಕೊಂಡಳು.

“ಅಮ್ಮಾ, ಆರಿಸಿದ್ರೇನು? ನಮ್ಮತ್ತಿ ಇಲ್ಲೇ ಬಾಜೂಕ ಕುಂತಾರ.”

“ಆಕಿ ಕೈಯಾಗ ಕೊಡು... ಬೀಗತೇರ, ನೆಲಾ ಆರಿಸೇವ್ರಿ, ಚಲೋ ಐತಿ. ಆದರ ಇನ್ನೊಂದ ಮಾತ. ಆವತ್ತ ಕಲ್ಲಿಂದೇನೂ ತಪ್ಪಿರಲಿಲ್ರಿ. ನನ್ನ ಮೊಣಕಾಲ ವಲ್ಲೆ ಅಂದಿದ್ದುವು. ಕೂಸಿಗೆ ನೀರ ಹಾಕಾಕಿ ನಾ ಅಲ್ಲ, ರೋಹಿಣಿ.”

ರೋಹಿಣಿ ಕೂತಲ್ಲಿಂದಲೇ ತಲೆಯೆತ್ತಿದಳು.

“ನೀವೇನ ಮಾಡತೀರಿ ಹಂಗಾರ?” ಎಂದಳು ಪ್ರೇಮವ್ವ.

“ಕಟ್ಟಿಗಿ ಮಣಿ ಹಾಕ್ಕೊಂಡ ಬಾಜೂಕ ಕುಂದರತೇನ್ರಿ. ನೀರಿನ ಹದಾ ನೋಡತೇನಿ, ತಪ್ಪಿದ್ರ ಆಕಿನ್ನ ಬೈತೇನಿ.”

ಪ್ರೇಮವ್ವ ನಕ್ಕಿದ್ದು ರೋಹಿಣಿಗೂ ಕೇಳಿಸಿತು. “ಹಂಗಂದ್ರ ಕಳಸತೇನ್ರಿ. ನೀರಿನ ಹದಾ ಮಾತ್ರ ನೀವ ನೋಡಬೇಕ ಮತ್ತ.”

ಭರಮವ್ವ ಫೋನು ಮಡಿಲಲ್ಲಿಟ್ಟುಕೊಂಡು ಸೊಂಟದ ಸಂಚಿ ಬಿಚ್ಚಿದಳು. ಮಾಲತೇಶನ ಭಂಡಾರದ ಅರಿಸಿನವನ್ನು ಚಿಟಿಕೆಯಷ್ಟು ತೆಗೆದು, ಕುರ್ಚಿಯಿಂದಲೇ ಬಗ್ಗಿ, ಮರಳಿನ ಬಣ್ಣದ ಟೈಲ್ಸಿನ ಅಂಚಿಗೆ ಹಚ್ಚಿದಳು. ಉಳಿದದ್ದನ್ನು ಸೊಸೆಯ ಹಣೆಗೆ ಒರೆಸಿದಳು.

“ಇನ್ನ ಏಳಲೇನ್ರಿ ಅತ್ತಿ?”

“ಏಳು.”

ರೋಹಿಣಿ ಬಲಗೈಯೊಂದನ್ನೇ ನೆಲಕ್ಕೆ ಊರಿ ಎದ್ದಳು. ಮಡಚಿ ಚೀಲಕ್ಕೆ ಹಾಕಿಕೊಡಲೆಂದು ದಾದಾಪೀರ ಧೋತರಕ್ಕೆ ಕೈಚಾಚಿದ. ಅವಳು ಸುರುಳಿಯನ್ನು ಎದೆಗೆ ಆನಿಸಿಕೊಂಡು ಹಾಗೇ ನಿಂತಿದ್ದಳು. ಎಡಗೈ ಇನ್ನೂ ಅದರ ಮೇಲ್ತುದಿಯಲ್ಲಿ, ಕೂಸಿನ ಕುತ್ತಿಗೆ ಇರಬೇಕಾದ ಕಡೆಯೇ ಇತ್ತು.