ಟಚಪ್ ಆಗದ ಮುಖ

"ಇನ್ನೂ ಸ್ವಲ್ಪ ಗದ್ದ ಎತ್ತು. ಅಷ್ಟಲ್ಲ, ಸೂರು ನೋಡೋ ಹಾಗೆ ಎತ್ತಬೇಡ."

ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿ ಗದ್ದ ಇಳಿಸಿದಳು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದಳು. ಅಂಗಡಿ ಮುಚ್ಚುವ ಹೊತ್ತು. ನೆಲ ಒರೆಸುತ್ತಿದ್ದವಳನ್ನು ಗಂಡ ಅರ್ಧಕ್ಕೇ ಎಬ್ಬಿಸಿ ತಂದು ಕೂರಿಸಿದ್ದ.

"ಪರೀಕ್ಷೆ ಮಾಡೋಕೆ ನನ್ನ ಮುಖಾನೇ ಬೇಕಿತ್ತಾ? ಆ ಗೋಡೆ ಗಡಿಯಾರದ್ದು ತೆಗೀರಿ."

"ಗಡಿಯಾರಕ್ಕೆ ಕಣ್ಣಿಲ್ಲ ಕಣೇ. ಇದು ಕಣ್ಣು ಹುಡುಕೋ ಕ್ಯಾಮೆರಾ."

ಮೇಜಿನ ಮೇಲೆ ಎರಡು ಕ್ಯಾಮೆರಾಗಳಿದ್ದವು. ಒಂದು ಅವನದು, ಹಳೆಯ ಡಿಎಸ್‌ಎಲ್‌ಆರ್. ಹೊಸಬರು ಕೈ ಪಳಗಿಸಿಕೊಳ್ಳಲೆಂದು ಕೊಳ್ಳುವ ಮಾದರಿ. ಕಲಿತ ಮೇಲೆ ಬದಲಾಯಿಸಿದರಾಯಿತು ಎಂದು ತಂದದ್ದು, ಅದರಲ್ಲೇ ಅರ್ಧ ಊರಿನ ಮದುವೆಗಳು ಮುಗಿದಿದ್ದವು. ಹಿಡಿಯುವ ಕಡೆಯ ರಬ್ಬರು ಎದ್ದು ಬಂದು ಎಷ್ಟೋ ಸಲ ಅಂಟು ಕಂಡಿತ್ತು. ಗುಂಡಿಗಳ ಮೇಲಿನ ಅಕ್ಷರಗಳು ಸವೆದುಹೋಗಿ, ಯಾವುದು ಯಾವುದಕ್ಕೆಂದು ಅವನ ಬೆರಳಿಗೆ ಮಾತ್ರ ಗೊತ್ತಿತ್ತು. ಇನ್ನೊಂದು ಒಳಗೆ ಕನ್ನಡಿಯೇ ಇಲ್ಲದ ಹೊಸ ಮಿರರ್‌ಲೆಸ್. ಅದು ಮೀಸೆಯದು. ಮೀಸೆ ಎಂದರೆ ಮುಖ್ಯರಸ್ತೆಯಲ್ಲಿ ಎರಡಂತಸ್ತಿನ ಸ್ಟುಡಿಯೋ ಇಟ್ಟಿರುವ ಗೆಳೆಯ, ಫೋಟೋಗ್ರಾಫರುಗಳ ವಾಟ್ಸಾಪ್ ಗುಂಪಿಗೆ ಅಡ್ಮಿನ್. ಹಳೆಯದು ಮೇಲೋ ಹೊಸದು ಮೇಲೋ ಎಂದು ಆ ಗುಂಪಿನಲ್ಲಿ ಜಗಳ ಹತ್ತಿಕೊಂಡಿತ್ತು. "ನಿನ್ನ ಡಬ್ಬಾನ ಇನ್ನಾದ್ರೂ ನಿವೃತ್ತಿ ಮಾಡಿಸು," ಎಂದು ಮೀಸೆ ಎಲ್ಲರೆದುರು ಕಾಲೆಳೆದಿದ್ದ. "ನಂಬಿಕೆ ಇಲ್ದಿದ್ರೆ ನನ್ನದನ್ನೇ ತಗೊಂಡು ಹೋಗು. ಎರಡರಲ್ಲೂ ಒಂದೇ ಮುಖ ತೆಗೆದು ಹಾಕು, ನೋಡೇಬಿಡೋಣ." ಇವನು ಹಟಕ್ಕೆ ಬಿದ್ದು ತಂದೇಬಿಟ್ಟಿದ್ದ.

ಮೊದಲು ಹಳೆಯದರಲ್ಲಿ ತೆಗೆದ. ಒಳಗಿನ ಕನ್ನಡಿ ಎದ್ದು ಬಿದ್ದ ಸದ್ದು ಸಣ್ಣ ಕೋಣೆಯಲ್ಲಿ ಟಪ್ಪೆಂದಿತು. ಅವಳು ಆ ಸದ್ದಿಗೆ ಸರಿಯಾಗಿ ನಕ್ಕಳು, ಎಷ್ಟೋ ವರ್ಷದ ಅಭ್ಯಾಸ. ಆಮೇಲೆ ಹೊಸದನ್ನೆತ್ತಿಕೊಂಡ. ಭಾರವೇ ಇಲ್ಲದೆ ಬರಿಗೈಯಲ್ಲಿ ನಿಂತ ಹಾಗಾಯಿತು. ಕಣ್ಣಿಟ್ಟು ನೋಡಿದರೆ ಒಳಗೊಂದು ಪುಟ್ಟ ಟಿವಿ. ಹೆಂಡತಿಯ ಎಡಗಣ್ಣಿನ ಮೇಲೆ ಹಸಿರು ಚೌಕವೊಂದು ತಾನಾಗಿ ಬಂದು ಕೂತು, ಅವಳು ತಲೆ ಆಡಿಸಿದರೂ ಬಿಡದೆ ಬೆನ್ನು ಹತ್ತಿತು. ಒಪ್ಪಿಕೊಳ್ಳಲು ಇಷ್ಟವಿಲ್ಲದಿದ್ದರೂ ಅವನಿಗೆ ಒಳಗೊಳಗೇ ಸೋಜಿಗವಾಯಿತು.

"ಬೇಗ ತೆಗೀರಿ, ಮನೆಗೆ ಹೋಗಿ ಅಡಿಗೆ ಆಗಬೇಕು."

"ಆಗ್ಲೇ ತೆಗೆದಾಯ್ತು."

"ಸದ್ದೇ ಬರಲಿಲ್ಲ. ನಾನಿನ್ನೂ ಮುಖ ಸರಿ ಮಾಡ್ಕೊಂಡಿರ್ಲಿಲ್ಲ."

"ಪರೀಕ್ಷೆಗೆ ತಾನೇ. ಯಾರು ನೋಡ್ತಾರೆ?"

ಗುಂಪಿನ ಜಗಳದ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಅವನೂ ಹೇಳಲಿಲ್ಲ.

ಆ ಅಂಗಡಿಯಲ್ಲಿ ಫೋಟೊ ತೆಗೆಯುವವನು ಅವನಾದರೆ ತಿದ್ದುವವಳು ಅವಳು. ಒಳಕೋಣೆಯ ಕಂಪ್ಯೂಟರಿನ ಮುಂದೆ ಕೂತು ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲ ತೆಗೆಯುವಳು. ಅದಕ್ಕೆ ಅವರಿಬ್ಬರ ಮಾತಿನಲ್ಲಿ ಟಚಪ್. ಟಚಪ್ ಆಗದ ಮುಖ ಅಂಗಡಿಯ ಹೊಸ್ತಿಲು ದಾಟಕೂಡದು ಎನ್ನುವುದು ಅವಳೇ ಮಾಡಿದ ಕಟ್ಟಳೆ. ಅರ್ಜಿಗೆ ಅಂಟಿಸುವ ಬೆರಳುದ್ದದ ಫೋಟೊ ಆದರೂ ಅಷ್ಟೇ, ತೀರಿಕೊಂಡವರ ಚಿತ್ರವನ್ನು ದೊಡ್ಡದು ಮಾಡಿಸಲು ಬಂದರೂ ಅಷ್ಟೇ. ಹಾಗೆಂದು ಮುಖಕ್ಕೆ ಸುಣ್ಣ ಬಳಿದ ಹಾಗೆ ಮಾಡುವವಳಲ್ಲ. "ಹೆತ್ತೋರಿಗೆ ಗುರುತು ಸಿಗಬೇಕು, ಆಡ್ಕೊಳ್ಳೋರಿಗೆ ಏನೂ ಸಿಗಬಾರದು, ಅಷ್ಟಿದ್ರೆ ಸಾಕು," ಎನ್ನುತ್ತಿದ್ದಳು. ಅವಳ ಎಡಗೆನ್ನೆಯಲ್ಲೇ ಬಂಗು ಇತ್ತು. ಮಗಳು ಹುಟ್ಟಿದ ವರ್ಷ ಕಾಣಿಸಿಕೊಂಡ ಕಂದು ಕಲೆ, ಯಾವ ಮುಲಾಮಿಗೂ ಜಗ್ಗದೆ ಅಲ್ಲೇ ಬೀಡುಬಿಟ್ಟಿತ್ತು. ಮನೆಯ ಫೋಟೊಗಳಲ್ಲೆಲ್ಲ ಅವಳು ಆ ಕೆನ್ನೆ ಕಾಣದ ಹಾಗೆ ಯಾರದಾದರೂ ಹೆಗಲ ಹಿಂದೆ ನಿಂತಿರುತ್ತಿದ್ದಳು. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಅವಳು ಮನೆಗೆ ಹೊರಟ ಮೇಲೆ ಅವನು ಎರಡೂ ಚಿತ್ರಗಳಲ್ಲಿ ಎಡಗಣ್ಣು, ಕೆನ್ನೆ, ಕಿವಿಯಷ್ಟನ್ನೇ ಕತ್ತರಿಸಿ, ದೊಡ್ಡದು ಮಾಡಿ, ಪಕ್ಕಪಕ್ಕದಲ್ಲಿಟ್ಟು ಗುಂಪಿಗೆ ಹಾಕಿದ. ಅಷ್ಟು ತುಂಡನ್ನು ನೋಡಿ ಯಾರೂ ಗುರುತು ಹಿಡಿಯಲಾರರು ಎಂಬ ಧೈರ್ಯ. ಹಳೆಯದು ಹೊಸದರ ಪಕ್ಕ ತಲೆಯೆತ್ತಿ ನಿಲ್ಲುತ್ತದೆ ಎಂಬ ನಂಬಿಕೆ.

ಮೀಸೆ ಕಾದು ಕೂತವನಂತೆ ಉತ್ತರಿಸಿದ. "ಲೋ, ನಿನ್ನ ಡಬ್ಬಾ ಕಣ್ಣನ್ನ ಬಿಟ್ಟು ಕಿವಿಗೆ ಫೋಕಸ್ ಮಾಡಿದೆ. ಹೊಸದರಲ್ಲಿ ನೋಡು, ರೆಪ್ಪೆ ಕೂದಲು ಎಣಿಸಬಹುದು."

ಅದು ನಿಜವಾಗಿತ್ತು. ನಿಜವಾದ್ದರಿಂದಲೇ ಅವನಿಗೆ ಉರಿಯಿತು. ನಗುವ ಮುಖಗಳು ಒಂದರ ಕೆಳಗೊಂದು ಬಂದು ಬಿದ್ದವು. ಇಷ್ಟು ವರ್ಷ ಅನ್ನ ಹಾಕಿದ ಕ್ಯಾಮೆರಾವನ್ನು ಈ ಪರಿ ಮೂಲೆಗೆ ತಳ್ಳುವುದೇ? ಅವನು ಹೊಸ ಕ್ಯಾಮೆರಾದ ಚಿತ್ರವನ್ನು ಮತ್ತೆ ತೆರೆದು, ಬಂಗಿನ ಸುತ್ತ ಬೆರಳಿನಿಂದ ಕೆಂಪು ಗೆರೆ ಎಳೆದು ಕಳಿಸಿದ. ಕೆಳಗೆ ಬರೆದ: "ಗಿರಾಕಿಗೆ ರೆಪ್ಪೆ ಎಣಿಸೋ ಕೆಲಸ ಇರಲ್ಲ. ಇದನ್ನ ನೋಡಿ. ನನ್ನ ಹಳೇದು ಇದನ್ನ ಮೆತ್ತಗೆ ಮುಚ್ಚಿ ಮರ್ಯಾದೆ ಉಳಿಸುತ್ತೆ. ನಿಮ್ಮ ಹೊಸದು ಬೀದಿಗೆ ತರುತ್ತೆ."

ಮಾತು ನಾಟಿತು. "ಅದೂ ಸರೀನೇ," ಎಂದು ಇಬ್ಬರು ಮೂವರು ಪಕ್ಷ ಬದಲಿಸಿದರು. ಇವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲು ಚಾಚಿದ. ಅಷ್ಟರಲ್ಲಿ ಮದುವೆ ಆಲ್ಬಮ್‌ಗಳಿಗೆ ರಟ್ಟು ಕಟ್ಟುವವನು, ಎಲ್ಲರೂ ಆಲ್ಬಮ್ ಎಂದೇ ಕರೆಯುವವನು, ಕೇಳಿದ: "ಅಂದಹಾಗೆ ಯಾರಿದು?"

ಬೆರಳು ನಿಂತಿತು. ಆ ಕೆಂಪು ಸುತ್ತಿನ ಕೆಳಗೆ ನನ್ನ ಹೆಂಡತಿ ಎಂದು ಬರೆಯಲು ಕೈ ಬರಲಿಲ್ಲ. ಅವರೆಲ್ಲ ಆ ಕೆನ್ನೆಯನ್ನು ನೋಡಿ ಆಮೇಲೆ ತನ್ನನ್ನು ನೋಡುತ್ತಾರೆ ಎನಿಸಿತು. ನಾಚಿಕೆಯಾಯಿತು, ಅದೂ ಅವಳ ಬಗ್ಗೆ. ಇದನ್ನು ಬೇರೆ ಯಾವ ಮಾತಿನಲ್ಲಿ ಹೇಳಿದರೂ ಸುಳ್ಳಾಗುತ್ತದೆ.

"ಯಾರೋ ಗಿರಾಕಿ," ಎಂದು ಬರೆದ.

"ಈ ಗಿರಾಕಿ ಮನೇಲಿ ಕನ್ನಡಿ ಇಲ್ಲ ಅಂತ ಕಾಣುತ್ತೆ," ಎಂದ ಆಲ್ಬಮ್. "ಇವರಿಗೆ ನಿನ್ನ ಡಬ್ಬಾನೇ ಗತಿ."

ನಗದಿದ್ದರೆ ಅನುಮಾನ ಬರುತ್ತದಲ್ಲ. ಅವನೂ ಒಂದು ನಗುವ ಮುಖ ಒತ್ತಿ, ಅಂಗಡಿ ಬಾಗಿಲೆಳೆದು ಮನೆಗೆ ಹೋದ. ಊಟಕ್ಕೆ ಕೂತಾಗ ಅವಳು, "ಯಾವುದು ಚೆನ್ನಾಗಿ ಬಂತು?" ಎಂದು ಕೇಳಿದಳು. "ಹಳೇದೇ," ಎಂದ. ಅವಳಿಗೆ ಖುಷಿಯಾಯಿತು.

ಮರುದಿನ ಬೆಳಿಗ್ಗೆ ನರ್ಸ್ ಕೆಲಸಕ್ಕೆ ಅರ್ಜಿ ಹಾಕುವ ಹುಡುಗಿಯೊಬ್ಬಳು ಫೋಟೊ ತೆಗೆಸಲು ಬಂದಳು. ಅವಳನ್ನು ಬಿಳಿ ಪರದೆಯ ಮುಂದೆ ಕೂರಿಸಿ ತೆಗೆದು, "ಒಳಗೆ ಅಕ್ಕ ಇದ್ದಾರೆ, ಸರಿ ಮಾಡಿ ಕೊಡ್ತಾರೆ," ಎಂದು ಕಳಿಸಿದ. ಹೋದವಳು, ತಾನು ಮೊದಲೇ ಒಂದು ಹಳೆಯ ಫೋಟೊ ಅಂಗಡಿಯ ನಂಬರಿಗೆ ಕಳಿಸಿದ್ದೇನೆ, ಅದರಲ್ಲಿದ್ದ ಹಾಗೆ ಬರಬೇಕು ಎಂದಿರಬೇಕು. ಅಂಗಡಿಗೆ ಇದ್ದದ್ದು ಒಂದೇ ನಂಬರು, ಅವನದೇ. ಗಿರಾಕಿಗಳು ಕಳಿಸಿದ್ದನ್ನು ಇಳಿಸಿಕೊಳ್ಳಲೆಂದು ಅವನ ವಾಟ್ಸಾಪನ್ನು ಒಳಗಿನ ಕಂಪ್ಯೂಟರಿನಲ್ಲೂ ತೆರೆದಿಟ್ಟಿದ್ದರು. ಗುಂಪಿನ ಕಡೆ ಅವಳು ಯಾವತ್ತೂ ತಲೆ ಹಾಕಿದವಳಲ್ಲ. ಅದಕ್ಕೇ ಅವನಿಗೆ ಅದು ಮರೆತೇ ಹೋಗಿತ್ತು.

"ರೀ, ಒಂದ್ನಿಮಿಷ ಬನ್ನಿ ಇಲ್ಲಿ."

ದನಿಯಲ್ಲಿ ಏನೂ ಇರಲಿಲ್ಲ. ಅವನು ಬಾಗಿಲ ಪರದೆ ಸರಿಸಿ ಒಳಗೆ ಕಾಲಿಟ್ಟ. ಮಾನಿಟರಿನ ತುಂಬ ಅವಳ ಕೆನ್ನೆ ಇತ್ತು, ಕೆಂಪು ಸುತ್ತು ಇತ್ತು, ಸುತ್ತಿನ ಕೆಳಗೆ ಅವನ ಮಾತುಗಳಿದ್ದವು.

"ಈ ಗಿರಾಕಿ ಟಚಪ್ ಆಗದೆ ಹೊರಗೆ ಹೋಗಿದ್ದಾಳೆ," ಎಂದಳು ಅವಳು. "ಯಾರು ಕಳಿಸಿದ್ದು ಅಂತ ಕೇಳೋಣ ಅಂತ ಕರೆದೆ."

ಪಕ್ಕದ ಕುರ್ಚಿಯಲ್ಲಿದ್ದ ಹುಡುಗಿಗೆ ಇದು ಅಂಗಡಿಯ ವ್ಯವಹಾರದ ಮಾತೆಂದು ಅನಿಸಿತು. "ಪಾಪ, ಯಾರಕ್ಕ ಅವರು?" ಎನ್ನುತ್ತ ತಿರುಗಿದವಳ ಕಣ್ಣು ಅಕ್ಕನ ಎಡಗೆನ್ನೆಯ ಮೇಲೆ ಬಿತ್ತು. ಮತ್ತೆ ಮಾನಿಟರಿಗೆ ಹೋಯಿತು. ಆಮೇಲೆ ಅವಳು ತಲೆ ತಗ್ಗಿಸಿ ತನ್ನ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಅವನಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು.

"ಈಗ್ಲೇ ಅಳಿಸ್ತೀನಿ," ಎಂದ.

"ಅಳಿಸಿ."

ಹೊರಕೋಣೆಗೆ ಬಂದು ಫೋನು ತೆಗೆದ. ಕಳಿಸಿದ್ದ ಎರಡೂ ಚಿತ್ರಗಳನ್ನು ಬೆರಳೊತ್ತಿ ಆರಿಸಿದ. ಎಲ್ಲರಿಂದ ಅಳಿಸಬೇಕೋ ತನ್ನಿಂದ ಮಾತ್ರವೋ ಎಂದು ಅದು ಕೇಳಿತು. ಆತುರದಲ್ಲಿ ಬೆರಳು ಎಲ್ಲಿ ಬಿತ್ತೆಂದು ನೋಡಲಿಲ್ಲ. ಚಿತ್ರಗಳು ಮಾಯವಾದವು. ಮಾಯವಾದ ಜಾಗದಲ್ಲಿ ‘ಅಳಿಸಲಾಗಿದೆ’ ಎಂಬ ಸಾಲೂ ಉಳಿಯದಿರುವುದನ್ನು ಕಂಡಾಗ ಮಾಡಿಕೊಂಡ ಎಡವಟ್ಟು ತಿಳಿಯಿತು. ತನ್ನಿಂದ ಮಾತ್ರ ಅಳಿಸಿಕೊಂಡಿದ್ದ. ಗುಂಪಿನ ಅಷ್ಟೂ ಜನರ ಜೇಬಿನಲ್ಲಿ ಅವಳ ಕೆನ್ನೆ ಇನ್ನೂ ಇತ್ತು, ಇಲ್ಲದಿದ್ದದ್ದು ಅವನ ಜೇಬಿನಲ್ಲಿ ಮಾತ್ರ. ಇನ್ನು ಅವನು ತಲೆ ಕೆಳಗಾಗಿ ನಿಂತರೂ ಅದನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ.

"ಹೋಯ್ತಾ?" ಒಳಗಿನಿಂದ ಕೇಳಿದಳು.

"ಹೂಂ, ಹೋಯ್ತು."

ಹೇಳಿದ ಬಾಯಿ ಮುಚ್ಚುವ ಮೊದಲೇ ಫೋನು ಟಿಣ್ ಎಂದಿತು. ಒಳಗಿನ ಕಂಪ್ಯೂಟರೂ ಟಿಣ್ ಎಂದಿತು. ಈಗಷ್ಟೇ ಎದ್ದಿದ್ದ ಇನ್ನೊಬ್ಬ ಫೋಟೋಗ್ರಾಫರ್ ಆ ಚಿತ್ರವನ್ನೇ ಹಿಡಿದೆತ್ತಿ ಅದರಡಿಯಲ್ಲಿ ಬರೆದಿದ್ದ: "ಈ ಗಿರಾಕಿ ನಂಬರ್ ಕೊಡಿ ಸಾರ್, ನಮ್ಮ ನಾದಿನಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ."

"ಹೋಗಿಲ್ಲ," ಎಂದಳು ಅವಳು ಒಳಗಿನಿಂದ. ಅಷ್ಟೇ. ಬೈದಿದ್ದರೆ, ಅತ್ತಿದ್ದರೆ, ಮೌಸು ಎತ್ತಿ ಒಗೆದಿದ್ದರೆ ಅವನಿಗೆ ಮಾಡಲು ಏನಾದರೂ ಕೆಲಸ ಸಿಗುತ್ತಿತ್ತು.

ಇನ್ನು ಅಡ್ಮಿನ್ ಒಬ್ಬನೇ ಅದನ್ನು ತೆಗೆಯಬಲ್ಲವನು. ಸುಮ್ಮನೆ ತೆಗೆ ಎಂದರೆ ಯಾಕೆ ಎಂದು ಕೇಳದೆ ಬಿಡುವ ಪೈಕಿಯವನಲ್ಲ ಮೀಸೆ. ಇವನು ಗುಂಪಿನಲ್ಲೇ ಬರೆಯತೊಡಗಿದ. "ಅದು ನಮ್ಮ ಮನೆಯವರು" ಎಂದು ಬರೆದು ನೋಡಿದ. ನಮ್ಮ ಮನೆಯವರು ಎಂದರೆ ಅತ್ತೆಯೂ ಆಗಬಹುದು, ಅತ್ತಿಗೆಯೂ ಆಗಬಹುದು. ಆ ಮಾತಿನಲ್ಲಿ ಅಡಗಿಕೊಳ್ಳಲು ಬೇಕಾದಷ್ಟು ಜಾಗವಿತ್ತು. ಇಷ್ಟಾದ ಮೇಲೂ ತಾನು ಜಾಗ ಹುಡುಕುತ್ತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಅಳಿಸಿ, ಮತ್ತೆ ಬರೆದ. "ಅದು ನನ್ನ ಹೆಂಡತಿ. ಗಿರಾಕಿ ಅಂತ ಸುಳ್ಳು ಹೇಳಿದೆ. ಅವಳನ್ನ ಕೇಳದೆ ಹಾಕಿದ್ದು. ದಯವಿಟ್ಟು ತೆಗೀರಿ, ಎಲ್ಲರೂ ಅಳಿಸಿ."

ನಗುವ ಮುಖಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಪಾರ್ಲರಿನವನ ಮಾತು ಮಾಯವಾಯಿತು. ಸ್ವಲ್ಪ ಹೊತ್ತಿನ ಮೇಲೆ ಮೀಸೆ ಬರೆದ: "ತೆಗೆದಿದ್ದೀನಿ. ಗೊತ್ತಿರಲಿಲ್ಲ ಕಣೋ. ಅವರ ಕೈಯ ಊಟ ಎಷ್ಟು ಸಲ ಉಂಡಿದ್ದೀನಿ ನಾನು."

ಆಮೇಲೆ ಆಲ್ಬಮ್: "ತಪ್ಪಾಯ್ತು ಸಾರ್. ಒಂದೇ ಒಂದು ಕೇಳ್ಕೋತೀನಿ, ಅತ್ತಿಗೆಗೆ ಮಾತ್ರ ಹೇಳ್ಬೇಡಿ. ನೊಂದ್ಕೋತಾರೆ."

"ಹೌದು, ಅತ್ತಿಗೆವರೆಗೂ ಹೋಗೋದು ಬೇಡ," ಎಂದ ಮೀಸೆ.

"ಹೇಳ್ಬೇಡಿ ಸಾರ್," ಎಂದ ಪಾರ್ಲರಿನವನು.

ಒಂದೊಂದು ಮಾತೂ ಎರಡೆರಡು ಸಲ ಟಿಣ್ ಎನ್ನುತ್ತಿತ್ತು, ಒಮ್ಮೆ ಅವನ ಅಂಗೈಯಲ್ಲಿ, ಒಮ್ಮೆ ಪರದೆಯ ಆಚೆ. ಪರದೆ ಸರಿಸಿ ಒಳಗೆ ಹೋಗಬೇಕೆಂದು ಅವನು ಎದ್ದ. ಇವರಿಗೆ ಏನೆಂದು ಬರೆಯಲಿ ಎಂದು ಫೋನನ್ನೇ ನೋಡುತ್ತ ನಿಂತ.

ಒಳಗೆ ಕೀಬೋರ್ಡು ಟಕಟಕ ಎಂದಿತು, ನೋಡುತ್ತಿದ್ದಂತೆ ಫೋನಿನಲ್ಲಿ ಒಂದು ಸಾಲು ಮೂಡಿತು. ಅವನದೇ ಹೆಸರಿನಲ್ಲಿ, ಅವನ ಮಾತುಗಳು ಬರುವ ಬಲಗಡೆಯಲ್ಲಿ, ಅವನು ಬರೆಯದ ಸಾಲು.

"ಇಲ್ಲ, ಅವಳಿಗೆ ಹೇಳಲ್ಲ."

ಮೀಸೆ ಅದಕ್ಕೆ ಕೈಮುಗಿದ. ಆಲ್ಬಮ್ ಹೆಬ್ಬೆರಳೆತ್ತಿದ. ಉಳಿದವರೂ ಒಬ್ಬೊಬ್ಬರಾಗಿ ಹೆಬ್ಬೆರಳೆತ್ತತೊಡಗಿದರು.

ಒಳಗೆ ಕುರ್ಚಿ ಸರಿದ ಸದ್ದಾಯಿತು. "ಹಣೆ ಮೇಲಿನ ಈ ಗಾಯದ ಗುರುತು ತೆಗೀಲಾ, ಇರ್ಲಾ?" ಎಂದು ಅವಳು ಹುಡುಗಿಯನ್ನು ಕೇಳುತ್ತಿದ್ದಳು. ಹುಡುಗಿ ಏನೆಂದಳೋ ಹೊರಗೆ ಕೇಳಿಸಲಿಲ್ಲ.