ಹಡಗಿನ ಮೇಲಿನ ಬೇವಿನ ಮರ

ಕರೂರಿನ ಪಾರಮ್ಮನಿಗೆ ನೀರಿನ ಭಯವಿರಲಿಲ್ಲ. ನೀರನ್ನು ಹಗುರವಾಗಿ ಕಾಣುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ಅವಳ ಅಪ್ಪ ತುಂಗಭದ್ರೆಯಲ್ಲಿ ಹರಗೋಲು ನಡೆಸಿದವನು. ಜನ ಹತ್ತುವ ಮೊದಲು ಆಚೆ ದಡದ ಬೇವಿನ ಮರ ತೋರಿಸಿ, "ಹರಗೋಲು ಮಗುಚಿದ್ರ ಯಾರೂ ಯಾರನ್ನೂ ಹುಡುಕಬ್ಯಾಡ್ರಿ. ಸೀದಾ ಆ ಮರದ ಬುಡಕ್ಕ ಬರ್ರಿ, ಅಲ್ಲಿ ತಲಿ ಎಣಸೋಣು" ಅನ್ನುತ್ತಿದ್ದ. ಮರದ ಕಡೆ ಬೆರಳು ಮಾಡಿ ತೋರಿಸದವನನ್ನು ಹತ್ತಿಸುತ್ತಿರಲಿಲ್ಲ, ಅವನು ಊರಗೌಡನೇ ಆಗಿರಲಿ.

ಅಂಥವನ ಮಗಳನ್ನು ಅವಳ ಮಗ ಮಾರೇಶ ಮುಂಬೈಯಲ್ಲಿ ಪ್ರವಾಸದ ದೊಡ್ಡ ಹಡಗು ಹತ್ತಿಸಿದ. ಸಿರುಗುಪ್ಪದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವನಿಗೆ ಅದೊಂದು ಬಹುದಿನದ ಆಸೆ. ಜೊತೆಗೆ ಕುರುಗೋಡಿನ ಹೆಂಡತಿ ಶಶಿರೇಖಾ, ಒಂಬತ್ತು ವರ್ಷದ ಮಗಳು ಅಕ್ಷಿತಾ.

ಹೊರಡುವ ಮುಂಚೆ, ಅಪಾಯ ಬಂದರೆ ಎಲ್ಲಿ ಸೇರಬೇಕೆಂದು ತೋರಿಸಲು ಹಡಗಿನ ಸಿಬ್ಬಂದಿ ಎಲ್ಲರನ್ನೂ ಕರೆದರು. ಮಾರೇಶನ ಕಣ್ಣು ಊಟದ ಸಾಲಿನ ಮೇಲಿತ್ತು. "ಅದೆಲ್ಲಾ ಬರೀ ಶಾಸ್ತ್ರ. ಉಣ್ಣಾಕ ಬಾರವ್ವ."

"ಊಟ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದು ಪಾರಮ್ಮ ಮೊಮ್ಮಗಳ ಕೈ ಹಿಡಿದು ನಡೆದೇಬಿಟ್ಟಳು. ನಾಲ್ಕನೇ ಮಹಡಿ, ಎಡಗಡೆ, ಕಿತ್ತಳೆ ಬಣ್ಣದ ದೋಣಿಯ ಕೆಳಗೆ. "ಇದು ನಮ್ಮ ಬೇವಿನ ಮರ. ಸೈರನ್ ಆದ್ರ ಇಲ್ಲಿಗೇ ಬರಬೇಕು" ಎಂದಳು. ಆಮೇಲೆ ಈಜುಕೊಳದಿಂದ, ಊಟದ ಮನೆಯಿಂದ, ಕೋಣೆಯಿಂದ ಆ ಹುಡುಗಿಯನ್ನು ಅಲ್ಲಿಗೆ ನಡೆಸಿದ್ದೇ ನಡೆಸಿದ್ದು. ಲಿಫ್ಟ್ ಹತ್ತುವಂತಿಲ್ಲ, ಮೆಟ್ಟಿಲೇ. "ಅತ್ತಿ ಹಡಗಿನಾಗೂ ಹೊಲದ ಬದು ಸುತ್ತಾಕ ಹತ್ಯಾರ" ಎಂದು ಶಶಿರೇಖಾ ನಕ್ಕಳು.

ಮೂರನೆಯ ದಿನ ಮಧ್ಯಾಹ್ನ ಪಾರಮ್ಮ, ಶಶಿರೇಖಾ ಕೋಣೆಯಲ್ಲಿದ್ದಾಗ ಸೈರನ್ ಕೂಗಿತು. ಅಡುಗೆಮನೆಗೆ ಬೆಂಕಿ ಬಿದ್ದಿದೆಯೆಂದು ಯಾರೋ ಕಿರುಚಿದರು. ಟವೆಲ್ ಒಯ್ಯಲು ಆಗಷ್ಟೇ ಕೋಣೆಗೆ ಇಳಿದು ಬಂದಿದ್ದ ಮಾರೇಶನ ಮುಖ ಬಿಳಿಚಿಕೊಂಡಿತು.

"ಅಕ್ಷಿತಾ ಮ್ಯಾಲ ಈಜುಕೊಳದ ಹತ್ರ ಅದಾಳವ್ವ. ನಾ ಬರೋತನ ಅಲ್ಲಾಡಬ್ಯಾಡ ಅಂದೀನಿ."

ಅವನು ಮೇಲಕ್ಕೆ ನುಗ್ಗಿದ. ಎದುರಿಗೆ ನೂರಾರು ಜನ ಇಳಿಯುತ್ತಿದ್ದರು. ಪಾರಮ್ಮ ಅವನ ಕಾಲರ್ ಹಿಡಿದು ಜಗ್ಗಿದಳು.

"ಹುಡುಕಬ್ಯಾಡ. ಮರಕ್ಕ ನಡಿ."

"ಬಿಡವ್ವ, ನನ್ನ ಮಾತು ಕೇಳಿ ಅಲ್ಲೇ ಕುಂತಿರ್ತಾಳ."

"ನೀ ಮ್ಯಾಲ ಹೋಗೋದ್ರಾಗ ಆಕಿ ಕೆಳಗ ಬಂದಿರ್ತಾಳ. ಆಮ್ಯಾಲ ನಿನ್ನ ಹುಡುಕೋರು ಯಾರು?"

ಹೇಳುವುದೇನೋ ಹೇಳಿದಳು. ಅಪ್ಪನ ಮಾತು ಕೇಳಬೇಕೋ ಅಜ್ಜಿಯ ಮಾತು ಕೇಳಬೇಕೋ ಆ ಮಗುವಿಗೆ ಹೇಗೆ ತಿಳಿಯಬೇಕು? ತಾನು ತಪ್ಪಿದ್ದರೆ ಈ ಜನ್ಮದಲ್ಲಿ ಮಗನಿಗೆ ಮುಖ ತೋರಿಸುವಂತಿರಲಿಲ್ಲ. ಆದರೂ ಹಿಡಿತ ಸಡಿಲಿಸಲಿಲ್ಲ. ಮೂವರೂ ಮೆಟ್ಟಿಲಿಳಿದರು.

ಕಿತ್ತಳೆ ದೋಣಿಯ ಕೆಳಗೆ ಅಕ್ಷಿತಾ ನಿಂತಿದ್ದಳು. ಸಿಬ್ಬಂದಿ ತೊಡಿಸಿದ ಲೈಫ್ ಜಾಕೆಟ್ ಅವಳ ಗಲ್ಲ ಮುಟ್ಟುತ್ತಿತ್ತು. ಮಾರೇಶ ಅವಳನ್ನು ಬಾಚಿ ತಬ್ಬಿಕೊಂಡು, "ಅಲ್ಲಾಡಬ್ಯಾಡ ಅಂದಿದ್ನಲ್ಲೇ" ಎನ್ನುತ್ತ ಅತ್ತೇಬಿಟ್ಟ.

"ನೀ ಹೇಳಿದ್ದು ಸೈರನ್ ಆಗೋಕಿಂತ ಮೊದ್ಲಪ್ಪ" ಎಂದ ಅಕ್ಷಿತಾ ಒಬ್ಬೊಬ್ಬರಿಗೂ ಬೆರಳು ಮಾಡಿ ಎಣಿಸಿದಳು. "ನಾಕು ತಲಿ. ಎಲ್ಲಾರೂ ಬಂದೀವಿ ಅಜ್ಜಿ."

ಅರ್ಧ ಗಂಟೆಯಲ್ಲಿ ಬೆಂಕಿ ಆರಿತು, ಯಾರಿಗೂ ಏನೂ ಆಗಲಿಲ್ಲ. ಪಾರಮ್ಮನಿಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ಸತ್ತು ಮೂವತ್ತು ವರ್ಷವಾದ ಅಪ್ಪ ಸಮುದ್ರದ ನಡುವೆ ಗೆದ್ದಿದ್ದ.

ವಾಪಸು ಬರುವಾಗ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸಿಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಮಾರೇಶ ಬಾಗಿಲಿಗೆ ಅಡ್ಡ ನಿಂತು, ದೂರದ ನೀಲಿ ಕಂಬದ ಕಡೆ ಕೈ ಮಾಡಿದ. ಹೆಂಡತಿ ತೋರಿಸಿದಳು, ಮಗಳು ತೋರಿಸಿದಳು. ಚೀಲ ಹಿಡಿದ ಪಾರಮ್ಮ ಸುಮ್ಮನೆ ನೋಡುತ್ತ ನಿಂತಳು.

"ನೀನೂ ತೋರಸವ್ವ" ಎಂದ ಮಾರೇಶ. "ಇಲ್ಲಾಂದ್ರ ಹತ್ತಸಂಗಿಲ್ಲ."